ಬಳ್ಳಾರಿಯ ಬಿಸಿಲಿನಲ್ಲಿ ಹೈಬ್ರಿಡ್ ಕಾರಿನ ಮೈಲೇಜು

ಪೆಟ್ರೋಲ್ ಇಂಜಿನ್ ಜೊತೆಗೆ ವಿದ್ಯುತ್ ಮೋಟರು, ಬ್ಯಾಟರಿಯೂ ಇರುವ ಹೋಂಡಾ ಸಿಟಿ ಹೈಬ್ರಿಡ್ 2022ರಲ್ಲಿ ಮಾರುಕಟ್ಟೆಗೆ ಬಂದಾಗ ಲೀಟರಿಗೆ 26.5 ಕಿಲೋಮೀಟರ್ ಎಂಬ ಅಂಕಿ ಎಲ್ಲರ ಬಾಯಲ್ಲೂ ಇತ್ತು. ನಮ್ಮ ಮನೆಯ ಕಾರೂ ಅದೇ ಆಗಿರುವುದರಿಂದ, ಬಂಕಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ “ಎಷ್ಟು ಕೊಡುತ್ತೆ ಸಾರ್?” ಎಂದು ಕೇಳದವರಿಲ್ಲ. ಊರೊಳಗೆ ಸುಮಾರು 21, ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ 23ರ ಆಸುಪಾಸು, ನೂರು ದಾಟಿದರೆ 18 ಎನ್ನುವುದು ನನ್ನ ಉತ್ತರ. ಏಪ್ರಿಲ್, ಮೇ ತಿಂಗಳುಗಳಿಗೆ ಮಾತ್ರ ಬೇರೆ ಲೆಕ್ಕ.

ಆ 26.5ಕ್ಕೆ ಅದರದೇ ಆದ ಷರತ್ತುಗಳಿವೆ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ಎಸಿ ಹಾಕದೆ, ಗಂಟೆಗೆ 90 ಕಿಲೋಮೀಟರ್ ಮೀರದ ವೇಗದಲ್ಲಿ ಓಡಿಸಿ ಅಳೆದ ಅಂಕಿ ಅದು. ಬಳ್ಳಾರಿಯಲ್ಲಿ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಎಸಿ ಹಾಕದೆ ಕಾರು ಹೊರಡಿಸುವವರನ್ನು ನಾನಂತೂ ಕಂಡಿಲ್ಲ.

ಹೈಬ್ರಿಡ್‌ನ ಗುಣ ಮತ್ತು ಮಿತಿ ಎರಡೂ ಚೆನ್ನಾಗಿ ಕಾಣುವುದು ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ. ಗೇಟು ಬೀಳುತ್ತಿದ್ದಂತೆ ಇಂಜಿನ್ ತಾನಾಗಿಯೇ ನಿಲ್ಲುತ್ತದೆ, ಆದರೆ ಎಸಿಯ ಕಂಪ್ರೆಸರ್ ವಿದ್ಯುತ್ತಿನಿಂದ ಓಡುವುದರಿಂದ ತಂಪು ಕಡಿಮೆಯಾಗುವುದಿಲ್ಲ. ಹಿಂದಿನ ಸೀಟಿನ ಬೆನ್ನಿಗಿರುವ ಬ್ಯಾಟರಿಯಲ್ಲಿ ಹಿಡಿಯುವುದು ಒಂದು ಯೂನಿಟ್‌ಗಿಂತಲೂ ಕಡಿಮೆ ವಿದ್ಯುತ್ತು. ಬಿಸಿಲಿಗೆ ಕಾದ ಕಾರನ್ನು ತಣಿಸಲು ಎಸಿ ಅದನ್ನು ಬೇಗನೆ ಕುಡಿದುಬಿಡುತ್ತದೆ. ಆಗ ಮೀಟರಿನ ಪರದೆಯಲ್ಲಿ ಇಂಜಿನ್‌ನಿಂದ ಬ್ಯಾಟರಿಯ ಕಡೆಗೆ ಬಾಣದ ಗುರುತು ಹೊರಳುತ್ತದೆ, ಕಾರು ಒಂದಡಿಯೂ ಮುಂದೆ ಹೋಗದಿದ್ದರೂ ಪೆಟ್ರೋಲು ಉರಿಯತೊಡಗುತ್ತದೆ. ಡಿಸೆಂಬರಿನಲ್ಲಿ ಇದೇ ಗೇಟಿನಲ್ಲಿ ಇಂಜಿನ್ ಸದ್ದೇ ಇರುವುದಿಲ್ಲ. ಬೇಸಿಗೆಯಲ್ಲಿ ಊರೊಳಗಿನ ಮೈಲೇಜು 18ಕ್ಕೆ ಇಳಿಯುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ. ನೆರಳಿನಲ್ಲಿ ನಿಲ್ಲಿಸಿ, ಹೊರಡುವ ಮೊದಲು ನಾಲ್ಕೂ ಬಾಗಿಲು ತೆರೆದು ಬಿಸಿಗಾಳಿಯನ್ನು ಹೊರಹಾಕಿದರೆ ಸ್ವಲ್ಪ ಉಳಿಯುತ್ತದೆ.

ತೋರಣಗಲ್ಲಿನ ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ನಿಧಾನವಾಗಿ ಸಾಗುವಾಗ, ಉಳಿದ ಕಾರುಗಳವರು ಗೊಣಗುವ ಹೊತ್ತಿನಲ್ಲಿ, ಈ ಕಾರು ಒಳ್ಳೆಯ ಮೈಲೇಜು ಕೊಡುತ್ತದೆ. ಪ್ರತಿ ಬಾರಿ ವೇಗ ತಗ್ಗಿದಾಗಲೂ ಮೋಟರು ಜನರೇಟರಿನಂತೆ ತಿರುಗಿ ಬ್ಯಾಟರಿಯನ್ನು ತುಂಬಿಸುತ್ತದೆ. ಹಿರಿಯೂರಿನ ಕಡೆಗೆ ಬೆಂಗಳೂರು ದಾರಿ ಹಿಡಿದು ನೂರರಲ್ಲಿ ಹೊರಟರೆ ಆ ಲಾಭವಿಲ್ಲ. ಒಂದೇ ವೇಗದಲ್ಲಿ ಇಂಜಿನ್ ಕ್ಲಚ್ಚಿನ ಮೂಲಕ ನೇರವಾಗಿ ಚಕ್ರಗಳನ್ನು ತಿರುಗಿಸುತ್ತದೆ, ಬ್ರೇಕು ಹಾಕುವ ಸಂದರ್ಭವೂ ಕಡಿಮೆ, ಮೇಲಾಗಿ ಎಂಬತ್ತರಿಂದ ನೂರಕ್ಕೆ ಏರಿದಾಗ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಅಳತೆಯ ಬಗ್ಗೆಯೂ ಒಂದು ಮಾತು. ಪರದೆಯ ಮೇಲಿನ ಮೈಲೇಜು ತುಸು ಉದಾರಿ. ಆದ್ದರಿಂದ ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ಮಾತ್ರ ಟ್ಯಾಂಕು ತುಂಬಿಸಿ, ಮುಂದಿನ ಸಲ ಹಿಡಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸುವ ಹಳೆಯ ಪದ್ಧತಿಯನ್ನೇ ನಾನು ನಂಬುತ್ತೇನೆ. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಹಾಗಾಗಿ ಶೇ. 20ರಷ್ಟು ಎಥೆನಾಲ್ ಬೆರೆತ ಈಗಿನ ಇಂಧನದಲ್ಲಿ ಶಕ್ತಿ ಶೇ. 6ರಿಂದ 7ರಷ್ಟು ತಗ್ಗಿರುತ್ತದೆ. ಹಳೆಯ ಅಂಕಿಗಳೊಂದಿಗೆ ಹೋಲಿಸುವವರು ಇದನ್ನು ಮರೆಯಬಾರದು.

ಇನ್ನು ಹಣದ ವಿಷಯ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡುವವರಿಗೆ ಹೈಬ್ರಿಡ್ ಸರಾಸರಿ 20 ಕೊಟ್ಟರೆ 500 ಲೀಟರ್ ಬೇಕು. ಸಾಮಾನ್ಯ ಆಟೊಮ್ಯಾಟಿಕ್ ಪೆಟ್ರೋಲ್ ಕಾರು 14 ಕೊಟ್ಟರೆ 714 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ಉಳಿಯುವುದು ಇಪ್ಪತ್ತೊಂದು ಸಾವಿರ ಚಿಲ್ಲರೆ. ಕೊಳ್ಳುವಾಗ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಹದಿನಾಲ್ಕು ವರ್ಷ ಬೇಕು, ಬ್ಯಾಟರಿಯ ವಾರಂಟಿ ಇರುವುದು 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿಗೆ. ವರ್ಷಕ್ಕೆ ಇಪ್ಪತ್ತು ಸಾವಿರ ಓಡುವವರಿಗೆ, ಅದೂ ಹೆಚ್ಚಾಗಿ ಊರೊಳಗೇ ಓಡುವವರಿಗೆ, ಏಳು ವರ್ಷದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.