ಗಾಳಿ ಸ್ವಲ್ಪ ಬಿಡಿ

ಪಕ್ಕದ ಮನೆಯ ಎಂಟು ವರ್ಷದ ಹುಡುಗ ಕಳೆದ ಭಾನುವಾರ ನಮ್ಮ ಗೇಟಿಗೆ ಒರಗಿಸಿಟ್ಟ ಸೈಕಲ್ಲಿನ ಟಯರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಗಾಳಿ ಜಾಸ್ತಿಯಾಯ್ತು, ಸ್ವಲ್ಪ ಬಿಡಿ. ಇಷ್ಟು ಗಟ್ಟಿ ಇದ್ರೆ ಬಾಲೆನ್‌ಬರ್ಗ್ ಹತ್ರ ಜಾರಿ ಬೀಳ್ತೀರಿ" ಅಂದ. ಅದು ತರಕಾರಿ ತರುವ ಸೈಕಲ್ಲು. ಆದರೂ ಅವನ ಕಣ್ಣು ಮೊದಲು ಹೋದದ್ದು ಗಾಳಿಯ ಕಡೆಗೆ. ನಮ್ಮೂರ ಪಂಕ್ಚರ್ ಅಂಗಡಿಯವರೂ ಹೀಗೇ ಒತ್ತಿ ನೋಡುತ್ತಾರೆ. ಟಯರು ಒಂದಿಷ್ಟೂ ತಗ್ಗದಿದ್ದರೆ ಮಾತ್ರ "ಆಯ್ತು, ಹೋಗಿ" ಅನ್ನುತ್ತಾರೆ. ನಾನೀಗಿರುವ ಬೆಲ್ಜಿಯಂನ ಮಕ್ಕಳಿಗೆ ತಗ್ಗಿದರೇನೇ ಸರಿ.

ಬೆಲ್ಜಿಯಂನ ಟ್ರೆಮೆಲೊ ಪಂಚಾಯ್ತಿಗೆ ಸೇರಿದ ಬಾಲ್ ಎಂಬ ಹಳ್ಳಿಯ ಪಕ್ಕದ ಗುಡ್ಡವೇ ಬಾಲೆನ್‌ಬರ್ಗ್. ಈ ಹಳ್ಳಿಯ ಸ್ವೆನ್ ನೈಸ್ ಸೈಕ್ಲೋ-ಕ್ರಾಸ್ ಎಂಬ ಕೆಸರಿನ ಸೈಕಲ್ ಓಟದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್, ಒಂಬತ್ತು ಬಾರಿ ಬೆಲ್ಜಿಯಂ ಚಾಂಪಿಯನ್. ಸೂಪರ್‌ಪ್ರೆಸ್ಟೀಜ್ ಸರಣಿಯನ್ನಂತೂ 13 ಸಲ ಗೆದ್ದರು. ಪ್ರತಿ ಜನವರಿ 1ರಂದು ಅವರ ಹೆಸರಿನಲ್ಲೇ ಇಲ್ಲಿ ಓಟ ನಡೆಯುತ್ತದೆ.

ಕರಾವಳಿಯವರಿಗೆ ಈ ಆಟವನ್ನು ಬಿಡಿಸಿ ಹೇಳಬೇಕಿಲ್ಲ. ಕಂಬಳ ಕಂಡವರಿಗೆ ಕೆಸರಿನ ಓಟದ ಸೊಗಸು ಗೊತ್ತು. ಋತುವೂ ಹೆಚ್ಚುಕಡಿಮೆ ಅದೇ, ಚಳಿಗಾಲ. ಸುಮಾರು ಮೂರು ಕಿಲೋಮೀಟರಿನ ಸುತ್ತು: ಹುಲ್ಲು, ರಾಡಿ, ಮರಳು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕಾದ ದಿಬ್ಬ. ದೊಡ್ಡವರಿಗೆ ಸುಮಾರು ಒಂದು ಗಂಟೆ. ಟಯರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ಅಗಲ ಹೆಚ್ಚಿಸಲಾಗದು ಎಂದ ಮೇಲೆ ಕೈಯಲ್ಲಿ ಉಳಿಯುವುದು ಗಾಳಿಯೊಂದೇ.

ಪೇಟೆ ಸೈಕಲ್ಲಿಗೆ ನಾವು 50 ಪಿಎಸ್‌ಐ ಹೊಡೆಸುತ್ತೇವೆ. ಸುಮಾರು 70 ಕಿಲೊ ತೂಕದ ಸವಾರ ಒಣ ನೆಲದಲ್ಲಿ 22-24 ಇಟ್ಟುಕೊಂಡರೆ, ರಾಡಿಯಲ್ಲಿ 18-19ಕ್ಕೆ ಇಳಿಸುತ್ತಾನೆ. ಗಾಳಿ ಕಡಿಮೆಯಾದಷ್ಟೂ ಟಯರು ನೆಲಕ್ಕೆ ಹರಡಿಕೊಂಡು ಹಿಡಿತ ಸಿಗುತ್ತದೆ. ಬೇರು, ಕಲ್ಲು ಬಡಿದಾಗ ಪುಟಿಯುವುದಿಲ್ಲ. ಆದರೆ ಒಂದೆರಡು ಪಿಎಸ್‌ಐ ಅತಿಯಾಗಿ ಇಳಿದರೂ ತಿರುವಿನಲ್ಲಿ ಟಯರು ಮಗ್ಗುಲಿಗೆ ವಾಲುತ್ತದೆ, ರಿಮ್ಮು ನೆಲಕ್ಕೆ ಬಡಿದು ಸೀಳುತ್ತದೆ. ಸಾಮಾನ್ಯ ಟ್ಯೂಬು ಇಷ್ಟು ಕಡಿಮೆ ಗಾಳಿಯಲ್ಲಿ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಆದ್ದರಿಂದಲೇ ಟ್ಯೂಬನ್ನು ಒಳಗಿಟ್ಟು ಹೊಲಿದ ಹತ್ತಿ ಬಟ್ಟೆಯ ಟಯರನ್ನು ರಿಮ್ಮಿಗೆ ಅಂಟಿಸುವ ಪದ್ಧತಿ. ಅಂಟನ್ನು ತೆಳುವಾಗಿ ಹಚ್ಚಿ ಒಣಗಿಸಬೇಕು, ಮತ್ತೆ ಹಚ್ಚಬೇಕು; ರಿಮ್ಮಿಗೂ ಟಯರಿನ ತಳಕ್ಕೂ. ಕೊನೆಯ ಪದರ ಹಸಿಯಿರುವಾಗ ವಾಲ್ವಿನಿಂದ ಶುರುಮಾಡಿ ಎರಡೂ ಕಡೆ ಎಳೆಯುತ್ತ ಕೂರಿಸಿ, ಗಾಳಿ ತುಂಬಿ ಒಂದು ದಿನ ಮುಟ್ಟದೆ ಇಡಬೇಕು. ಅವಸರ ಮಾಡಿದರೆ ಅಂಚಿನಿಂದ ನೀರು, ಮರಳು ಒಳಸೇರಿ, ತಿರುವಿನಲ್ಲಿ ಟಯರು ಕಿತ್ತು ಬರುತ್ತದೆ. ಒದ್ದೆಯಾಗಿಯೇ ಎತ್ತಿಟ್ಟರೆ ಬಟ್ಟೆ ಕೊಳೆಯುತ್ತದೆ.

ನೈಸ್ ಹುಡುಗನಾಗಿದ್ದಾಗ ಬಿಎಂಎಕ್ಸ್, ಅಂದರೆ ದಿಬ್ಬ ಹಾರಿಸುವ ಪುಟ್ಟ ಸೈಕಲ್ಲು, ಓಡಿಸುತ್ತಿದ್ದರು. ಅಲ್ಲಿ ಕಲಿತದ್ದು ಇಲ್ಲಿ ಎದ್ದು ಕಂಡದ್ದು ಹಲಗೆಗಳ ಮುಂದೆ. ದಾರಿಗೆ ಅಡ್ಡವಾಗಿ 40 ಸೆಂಟಿಮೀಟರ್‌ವರೆಗೆ ಎತ್ತರದ ಎರಡು ಹಲಗೆ, ನಡುವೆ ನಾಲ್ಕು ಮೀಟರು ಜಾಗ. ಉಳಿದವರು ಬಲಗಾಲನ್ನು ಹಿಂದಿನಿಂದ ತಿರುಗಿಸಿ ಎಡಬದಿಗಿಳಿದು, ಸೈಕಲ್ ಎತ್ತಿಕೊಂಡು ಓಡುತ್ತಿದ್ದರೆ, ನೈಸ್ ಇಳಿಯದೆಯೇ ಹಾರುತ್ತಿದ್ದರು. ಪೆಡಲುಗಳನ್ನು ಮಟ್ಟಸವಾಗಿಟ್ಟು, ಮೊಣಕೈ ಮೊಣಕಾಲು ಮಡಚಿ ಮೈ ತಗ್ಗಿಸಿ, ಮುಂದಿನ ಗಾಲಿ ಎಳೆದು, ಹಲಗೆಯ ಮೇಲಿರುವಾಗ ಹ್ಯಾಂಡಲ್ಲನ್ನು ಮುಂದಕ್ಕೆ ನೂಕಿ ಹಿಂದಿನ ಗಾಲಿಯನ್ನು ಕಾಲಲ್ಲೇ ಎತ್ತಿಕೊಳ್ಳಬೇಕು. ಇಳಿದ ಕೂಡಲೇ ಎರಡನೆಯದು. ಕಣ್ಣು ಹಲಗೆಯ ಮೇಲೆ ನೆಟ್ಟರೆ ಕೆಟ್ಟಿತು. ಆಚೆಯ ನೆಲ ನೋಡಬೇಕು. ಹಿಂದಿನ ಗಾಲಿ ತಗುಲಿದರೆ, ಗಾಳಿ ಕಡಿಮೆಯಿರುವುದರಿಂದ ಪೆಟ್ಟು ನೇರ ರಿಮ್ಮಿಗೆ.

ಅವರಿಗೂ ಸ್ವದೇಶದವರ ಸಿಟ್ಟು ತಪ್ಪಲಿಲ್ಲ. 2000ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಲ್ಜಿಯಂ ಜರ್ಸಿ ತೊಟ್ಟಿದ್ದರೂ, ಮುಂದೆ ಹೋಗುತ್ತಿದ್ದ ಡಚ್ ಸವಾರ ರಿಚರ್ಡ್ ಗ್ರೂನೆಂಡಾಲ್‌ನನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ವರ್ಷವಿಡೀ ಸಂಬಳ ಕೊಡುವ ತಂಡದಲ್ಲಿ ಇಬ್ಬರೂ ಜೊತೆಗಾರರು. ಗ್ರೂನೆಂಡಾಲ್ ಗೆದ್ದ, ನೈಸ್ ಮೂರನೆಯವರಾದರು. 23 ವರ್ಷದ ಹುಡುಗನ ಮೇಲೆ ಅಷ್ಟು ಭಾರ ಹೊರಿಸಿದ್ದು ಅನ್ಯಾಯ ಅಂತಲೇ ನನ್ನ ಮಾತು. 2005ರಲ್ಲಿ ಜರ್ಮನಿಯ ಸಾಂಕ್ಟ್ ವೆಂಡೆಲ್‌ನಲ್ಲಿ ವಿಶ್ವ ಪಟ್ಟ ಬಂತು. ಎರಡನೆಯದಕ್ಕೆ ಎಂಟು ವರ್ಷ ಕಾಯಬೇಕಾಯಿತು: 2013, ಅಮೆರಿಕದ ಲೂಯಿವಿಲ್. ಯುರೋಪಿನಾಚೆ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್. ಓಹಾಯೊ ನದಿ ಉಕ್ಕಿ ಬರುತ್ತದೆಂದು ಭಾನುವಾರದ ಓಟಗಳನ್ನೂ ಶನಿವಾರಕ್ಕೇ ತಂದರು. ಆಗ ಅವರಿಗೆ 36 ವರ್ಷ. 2016ರಲ್ಲಿ ನಿವೃತ್ತರಾಗಿ, ಮುಂದೆ ತಂಡ ನಡೆಸುವ ಕೆಲಸಕ್ಕೆ ಇಳಿದರು.

ಸವಾರನಷ್ಟೇ ದುಡಿಯುವವರು ಪಿಟ್ಟಿನಲ್ಲಿ, ಅಂದರೆ ಸೈಕಲ್ ಬದಲಿಸುವ ಜಾಗದಲ್ಲಿ, ನಿಂತವರು. ಮೆತ್ತಿದ ಕೆಸರು ಸೈಕಲ್ಲಿಗೆ ಕಿಲೊಗಟ್ಟಲೆ ಭಾರ ಸೇರಿಸುತ್ತದೆ. ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡು ಅದನ್ನೇ ಮುರಿಯುತ್ತದೆ. ರಾಡಿಯ ದಿನ ಅರ್ಧ ಸುತ್ತಿಗೊಮ್ಮೆ ಸೈಕಲ್ ಬದಲಿಸುತ್ತಾರೆ. ಅಷ್ಟರಲ್ಲಿ ಹಳೆಯದನ್ನು ನೀರಿನ ಗನ್ನಿನಿಂದ ತೊಳೆದು, ಚೈನಿಗೆ ಎಣ್ಣೆ ಬಿಟ್ಟು ಸಿದ್ಧವಿಡಬೇಕು. ನೀರನ್ನು ಬೇರಿಂಗುಗಳಿಗೆ ನೇರ ಹಿಡಿಯಬಾರದು, ಗ್ರೀಸು ಕೊಚ್ಚಿಹೋಗುತ್ತದೆ. ಚಿಕ್ಕ ಮಕ್ಕಳ ಓಟಗಳಲ್ಲಿ ಗನ್ ಹಿಡಿದು ನಿಲ್ಲುವವರು ಅಪ್ಪ ಅಮ್ಮಂದಿರೇ. ಮಗು ಕಣ್ಣೊಂದು ಬಿಟ್ಟು ಮೈಯೆಲ್ಲ ಕೆಸರಾಗಿ ಬಂದರೆ ಯಾರೂ ಗದರುವುದಿಲ್ಲ. ಮಳೆಗಾಲದಲ್ಲಿ ಯೂನಿಫಾರ್ಮಿಗೆ ಕೆಸರು ಸಿಡಿದದ್ದಕ್ಕೆ ನಮ್ಮಲ್ಲಿ ಬೀಳುವ ಬೈಗುಳ ನೆನಪಾಗುತ್ತದೆ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗಿನಲ್ಲಿ ಪದಕ ತರುವ ರಾಜ್ಯ ನಮ್ಮದು. ಕೊಯ್ಲಾದ ಗದ್ದೆ, ಎರಡು ಹಲಗೆ, ಒಂದು ಮರಳಿನ ಗುಡ್ಡೆ, ಇಷ್ಟಿದ್ದರೆ ಮಕ್ಕಳಿಗೊಂದು ಸುತ್ತು ಸಿದ್ಧ. ಯಾರೂ ಯಾಕೆ ಹಾಕುವುದಿಲ್ಲವೋ.

ವಾಲ್ವು ಒತ್ತಿ ಗಾಳಿ ಬಿಡುತ್ತ, "ಸ್ವೆನ್ ನೈಸ್ ಯಾರು ಗೊತ್ತೇನೋ?" ಅಂತ ಹುಡುಗನನ್ನು ಕೇಳಿದೆ.

"ಗೊತ್ತು" ಅಂದ, ಟಯರಿನಿಂದ ಹೆಬ್ಬೆರಳು ತೆಗೆಯದೆ. "ತಿಬೊ ನೈಸ್ ಅಪ್ಪ."

ತಿಬೊ 2020ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್, 2023ರಲ್ಲಿ 23 ವರ್ಷದೊಳಗಿನವರ ವಿಶ್ವ ಚಾಂಪಿಯನ್. ಹುಡುಗನ ಹೆಲ್ಮೆಟ್ಟಿಗೆ ಅಂಟಿಸಿದ ಚಿತ್ರವೂ ಅವನದೇ.