ಒಂದಗುಳೂ ಬೀಳದಂತೆ

ಊಟಕ್ಕೆ ಕೂರುವ ಮುನ್ನ ಒಂದು ಹಿಡಿ ಅನ್ನವನ್ನು ಕಾಗೆಗೆಂದು ಹೊರಗಿಡುವುದು ಸಾಗರದ ನಮ್ಮ ಮನೆಯಲ್ಲಿ ಅಮ್ಮ ಎಂದೂ ತಪ್ಪಿಸದ ಕೆಲಸ. ಎರಡು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ ಪ್ರೈರಿ ಕ್ರೀಕ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿಗೆ ಅವಳನ್ನು ಕರೆದುಕೊಂಡು ಹೋಗಿ ಟೆಂಟು ಹಾಕಿದ ಮೊದಲ ಮಧ್ಯಾಹ್ನವೂ ಅವಳು ಚಿತ್ರಾನ್ನದ ಡಬ್ಬಿ ತೆರೆದವಳೇ ಒಂದು ಹಿಡಿಯನ್ನು ಕಾಗದದ ತಟ್ಟೆಯಲ್ಲಿ ಬೇರೆ ತೆಗೆದಿಟ್ಟಳು. ಅಷ್ಟರಲ್ಲಾಗಲೇ ಕಪ್ಪು ಜುಟ್ಟಿನ, ಕಡುನೀಲಿ ಮೈಯ ಹಕ್ಕಿಯೊಂದು ಮೇಜಿನ ಆಚೆ ತುದಿಗೆ ಬಂದು ಕುಳಿತಿತ್ತು. ಅದು ಸ್ಟೆಲ್ಲರ್ಸ್ ಜೇ, ಕಾಗೆಯ ಬಳಗದ್ದೇ.

ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಅಮ್ಮನ ಮುಖ ಸಣ್ಣದಾಯಿತು. "ಎದುರಿಗೆ ಬಂದು ಕೂತ ಹಕ್ಕಿಗೆ ಇಲ್ಲ ಅಂತಾರಾ?" ಎಂದಳು.

ಕಾರಣ ಹೇಳಲು ಇನ್ನೊಂದು ಹಕ್ಕಿಯ ಕಥೆಯನ್ನೇ ಹೇಳಬೇಕಾಯಿತು. ಮಾರ್ಬಲ್ಡ್ ಮರ್‌ಲೆಟ್ ಎಂಬ ಕಡಲಹಕ್ಕಿ ಪಾರಿವಾಳಕ್ಕಿಂತ ಚಿಕ್ಕದು. ಮೀನು ಹಿಡಿದು ಬದುಕುವುದು ಪೆಸಿಫಿಕ್ ಸಾಗರದಲ್ಲಿ, ಮೊಟ್ಟೆಯಿಡುವುದು ಮಾತ್ರ ಒಳನಾಡಿನ ಹಳೆಯ ಕಾಡಿನ ಮರಗಳ ಮೇಲೆ. ಗೂಡು ಕಟ್ಟುವುದಿಲ್ಲ. ದಪ್ಪ ಕೊಂಬೆಯ ಮೇಲೆ ಬೆಳೆದ ಪಾಚಿಯಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ತಾಣ ಮೊದಲು ಕಣ್ಣಿಗೆ ಬಿದ್ದದ್ದು 1974ರಲ್ಲಿ, ಬಿಗ್ ಬೇಸಿನ್ ಪಾರ್ಕಿನಲ್ಲಿ ಕೊಂಬೆ ಸವರಲು ಮರವೇರಿದ ಕೆಲಸಗಾರನೊಬ್ಬನಿಗೆ ಸುಮಾರು 45 ಮೀಟರ್ ಎತ್ತರದಲ್ಲಿ ಮರಿಯೊಂದು ಸಿಕ್ಕಿದಾಗ. ಬಿಡಾರಗಳಲ್ಲಿ ಬಿದ್ದ ಅನ್ನ, ಬ್ರೆಡ್ಡಿನ ಚೂರುಗಳಿಗೆ ಜೇಗಳೂ ಕಾಗೆಯ ಬಳಗದ್ದೇ ಆದ ರೇವನ್‌ಗಳೂ ಗುಂಪುಗೂಡುತ್ತವೆ. ಹಾಗೆ ಗುಂಪುಗೂಡಿದವು ಸುತ್ತಲ ಕೊಂಬೆಗಳನ್ನು ಜಾಲಾಡಿ, ಆ ಒಂದೇ ಮೊಟ್ಟೆಯನ್ನೋ ಮರಿಯನ್ನೋ ತಿಂದುಬಿಡುತ್ತವೆ. ಆದ್ದರಿಂದಲೇ ಇಲ್ಲಿ ಉಳಿಯುವವರೆಲ್ಲ ಆಹಾರವನ್ನು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು, ಚೆಲ್ಲಿದ್ದನ್ನು ಕಡೆಯ ಚೂರಿನವರೆಗೂ ಹೆಕ್ಕಬೇಕು. ಅಮ್ಮ ಎಲ್ಲವನ್ನೂ ಕೇಳಿದಳು; ಆ ಹಿಡಿ ಅನ್ನವನ್ನು ಸುಮ್ಮನೆ ಡಬ್ಬಿಗೆ ಹಾಕಿ ಮುಚ್ಚಿದಳು.

ಮರುದಿನ ಜೇಮ್ಸ್ ಇರ್ವಿನ್ ಹಾದಿಯಲ್ಲಿ ನಡೆದೆವು. ಹುಲ್ಲುಗಾವಲಿನ ಅಂಚಿನಲ್ಲಿ ಮೇಯುತ್ತಿದ್ದ ರೂಸ್‌ವೆಲ್ಟ್ ಎಲ್ಕ್‌ಗಳನ್ನು ಕಂಡು "ಕಡವೆಗಳು!" ಎಂದು ನಿಂತವಳು, ರೆಡ್‌ವುಡ್‌ಗಳ ನಡುವೆ ಹೊಕ್ಕ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. 90 ಮೀಟರಿಗೂ ಎತ್ತರದ ಮರಗಳು; ಅವುಗಳಲ್ಲಿ ಕೆಲವಕ್ಕೆ ಸಾವಿರ ವರ್ಷವೂ ಮೀರಿದೆ. ಒಂದರ ತೊಗಟೆಯನ್ನು ಅಂಗೈಯಿಂದ ಒತ್ತಿ, ತೆಂಗಿನ ನಾರಿನಂತಿದೆ ಎಂದಳು. ಹೌದು, ಅಡಿಯಷ್ಟು ದಪ್ಪವಾಗಬಲ್ಲ ಆ ನಾರಿನ ಹೊದಿಕೆಯೇ ಈ ಮರಗಳನ್ನು ಬೆಂಕಿಯಿಂದ ಕಾಯುವುದು. ಬುಡದಲ್ಲಿ ಹಾಸಿದಂತೆ ಬೆಳೆದ ಮೂರೆಲೆಯ ಗಿಡವನ್ನು ಬಗ್ಗಿ ನೋಡಿ ನಮ್ಮ ಅಂಗಳದ ಹುಳಿಸೊಪ್ಪಿನ ಅಕ್ಕನಿರಬೇಕೆಂದಳು. ಅದೂ ಸರಿಯೇ, ಒಂದೇ ಕುಲದ ಗಿಡಗಳವು. ಮರಗಳ ಸಂದಿನಿಂದ ಬಿಸಿಲು ಬಿದ್ದಲ್ಲಿ ಆ ಎಲೆಗಳು ಕೊಡೆ ಮಡಚಿದಂತೆ ಕೆಳಕ್ಕೆ ಮಡಚಿಕೊಂಡಿದ್ದವು.

ಆದರೆ ಅಮ್ಮ ಹೆಚ್ಚು ಹೊತ್ತು ನೋಡಿದ್ದು ಮೇಲಕ್ಕೆ. ಕೊಂಬೆಯೊಂದು ಮೊಟ್ಟೆ ಉರುಳದಷ್ಟು ಅಗಲವಾಗಿ, ಅದರ ಮೇಲೆ ಪಾಚಿ ಮೆತ್ತಗೆ ಕೂರಲು ನೂರಾರು ವರ್ಷ ಬೇಕು; ಕಡಿದ ಜಾಗದಲ್ಲಿ ನೆಟ್ಟು ಬೆಳೆಸಿದ ಎಳೆಯ ಮರಗಳು ಎಷ್ಟೇ ಹಸಿರಾಗಿದ್ದರೂ ಆ ಹಕ್ಕಿಗೆ ಅಲ್ಲಿ ಜಾಗವಿಲ್ಲ. ಒಂದು ಕಾಲಕ್ಕೆ ಸುಮಾರು 20 ಲಕ್ಷ ಎಕರೆಯಷ್ಟಿದ್ದ ಹಳೆಯ ರೆಡ್‌ವುಡ್ ಕಾಡಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ಐದರಷ್ಟು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಶರಾವತಿಯಲ್ಲಿ ಮುಳುಗಿದ ಕಾಡನ್ನು ಬಲ್ಲ ಅವಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಆ ರಾತ್ರಿ ಊಟ ಮುಗಿದ ಮೇಲೆ ಅಮ್ಮ ಟಾರ್ಚು ಹಿಡಿದು ಮೇಜಿನ ಹಲಗೆಗಳ ಸಂದನ್ನು ಒಂದೊಂದಾಗಿ ನೋಡುತ್ತಾ ಬಂದಳು. ಒಂದು ಸಂದಿನಲ್ಲಿ ಸಿಕ್ಕಿಕೊಂಡಿದ್ದ, ಅರಿಸಿನ ಬಣ್ಣದ ಒಂದಗುಳನ್ನು ತಲೆಪಿನ್ನಿನಿಂದ ಎಬ್ಬಿಸಿ ತೆಗೆದು, ಹಿಂದಿನ ದಿನದ್ದಿರಬೇಕು ಎಂದಳು.

ನಸುಕಿನ ನಾಲ್ಕೂಮುಕ್ಕಾಲಕ್ಕೆ ಶಾಲು ಹೊದ್ದು ಟೆಂಟಿನ ಹೊರಗೆ ಕುಳಿತೆವು. ಮಂಜು ಮರಗಳ ತುದಿಯನ್ನು ಮುಚ್ಚಿತ್ತು. ಎಲೆಗಳಲ್ಲಿ ಕೂಡಿದ ನೀರು ಟೆಂಟಿನ ಬಟ್ಟೆಯ ಮೇಲೆ ತಟ್ ತಟ್ ಎಂದು ಬೀಳುತ್ತಿತ್ತು. ಬಹಳ ಹೊತ್ತಿನ ಮೇಲೆ, ಆ ಮಂಜಿನೊಳಗೆ ಎಲ್ಲೋ ಎತ್ತರದಲ್ಲಿ, "ಕೀರ್, ಕೀರ್" ಎಂಬ ತೆಳ್ಳನೆಯ ಕೂಗು ಕಡಲಿನ ಕಡೆಯಿಂದ ಬಂದು ನಮ್ಮ ತಲೆಯ ಮೇಲೆ ಹಾದುಹೋಯಿತು. ಹಕ್ಕಿ ಕಾಣಲಿಲ್ಲ.

"ತಾಯಿಯೋ, ತಂದೆಯೋ?" ಎಂದು ಅಮ್ಮ ಪಿಸುಗುಟ್ಟಿದಳು.

ಎರಡೂ ದಿನಕ್ಕೊಬ್ಬರಂತೆ ಕಾವಿಗೆ ಕೂರುತ್ತವೆ, ಬೆಳಗಿನ ಜಾವದಲ್ಲಿ ಕಡಲಿನಿಂದ ಒಂದು ಬಂದ ಮೇಲೆ ಇನ್ನೊಂದು ಎದ್ದು ಹೋಗುತ್ತದೆ ಎಂದೆ.

ಅಮ್ಮ ಕತ್ತೆತ್ತಿ ಸ್ವಲ್ಪ ಹೊತ್ತು ಕಾದಳು. "ಹಾಗಾದರೆ ಈಗ ಅಲ್ಲಿ ಪಾಳಿ ಬದಲಾಯಿತು," ಎಂದಳು.