ಸೆಳವಿನ ಮೀನು

ಶಿವರಾತ್ರಿ ಕಳೆದು ಹಳ್ಳದ ನೀರು ಮೊಣಕಾಲಿಗೆ ಇಳಿದಿತ್ತು. ಆಗುಂಬೆ ಕಡೆಯಿಂದ ಬಂದು ಮಾಲತಿ ಹೊಳೆ ಸೇರುವ ಹಳ್ಳ ಅದು. ನಾನು ಕೆಳಗೆ ಬಲೆ ಹಿಡಿದು ನಿಂತಿದ್ದೆ. ಮಾವ ಮೇಲ್ಗಡೆಯಿಂದ ಒಂದೊಂದೇ ಕಲ್ಲು ಮಗುಚುತ್ತ ಬರುತ್ತಿದ್ದರು. ಬಲೆ ಎತ್ತಿದರೆ ಬೆರಳುದ್ದದ ಎರಡು ಮೀಸೆ ಮೀನು. ಎಂಎಸ್ಸಿ ಪ್ರಾಜೆಕ್ಟಿಗೆ ಮೀನು ಹುಡುಕಿ ಬಂದ ನನ್ನ ಕಣ್ಣಿಗೆ ಎರಡೂ ಒಂದೇ. ಮಾವ ಮಾತ್ರ ಒಂದನ್ನು ಬೇರೆ ಮಾಡಿದರು.

"ಎರಡೂ ಕಲ್ಲಿಗೆ ಅಂಟೋವೇ ಮಾರಾಯ. ಆದ್ರೆ ಇದು ಸೆಳವಿಂದು, ಅದು ಗುಂಡಿ ಬದೀದು."

ಅಂಗೈಯಲ್ಲಿ ಅಂಗಾತ ಮಾಡಿ ನೋಡಿದೆ. ಎದೆಯ ಮೇಲೆ ಸೀರೆಯ ನೆರಿಗೆಯಂಥ ಸಣ್ಣ ಸಣ್ಣ ಗೆರೆ, ತಲೆಯಿಂದ ಬಾಲದ ಕಡೆಗೆ. ನಡುವೆ ಒಂದು ತಗ್ಗು. ನೀರೊಳಗೆ ಕೈಯಿಟ್ಟರೆ ಅಂಗೈಗೇ ಕಚ್ಚಿಕೊಂಡಿತು. ಮಳೆಗಾಲದ ರಭಸದಲ್ಲೂ ಅದು ಕಲ್ಲು ಬಿಡದೆ ನಿಲ್ಲುವುದು ಈ ನೆರಿಗೆಯಿಂದಲೇ. ಗ್ಲಿಪ್ಟೊಥೊರಾಕ್ಸ್ ಎಂಬ ಈ ಕುಲದಲ್ಲಿ 100ಕ್ಕೂ ಹೆಚ್ಚು ಜಾತಿಗಳಿವೆ. ಒಂದರಿಂದ ಒಂದನ್ನು ಬೇರೆ ಮಾಡುವಾಗ ಮೊದಲು ನೋಡುವ ಗುರುತುಗಳಲ್ಲಿ ಈ ನೆರಿಗೆಯ ಆಕಾರವೂ ಒಂದು. ಸೆಳವಿನ ಮೀನಿನ ತಗ್ಗು ಹಿಂದುಗಡೆ ಬಾಯಿ ಬಿಟ್ಟಿತ್ತು. ಗುಂಡಿಯದರಲ್ಲಿ ಹಾಗಿರಲಿಲ್ಲ. ಎದೆ ಡವಡವ ಹೊಡೆದುಕೊಂಡಿತು. ಮಾಲತಿ ಹೋಗಿ ಸೇರುವ ಇದೇ ತುಂಗೆಯ ಕುದುರೆಮುಖದ ನೀರಿನಿಂದ 2007ರಲ್ಲಿ ಗ್ಲಿಪ್ಟೊಥೊರಾಕ್ಸ್ ಕುದ್ರೆಮುಖೆನ್ಸಿಸ್ ಎಂದು ಹೊಸದೊಂದಕ್ಕೆ ಹೆಸರಿಟ್ಟಿದ್ದರಲ್ಲ!

ಆ ಖುಷಿಯಲ್ಲೇ ತಪ್ಪು ಮಾಡಿದೆ. ಎರಡನ್ನೂ ನೇರ, ಮೀನು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟೆ. ಫಾರ್ಮಲಿನ್ನಿಗೆ ಬಿದ್ದ ಮೀನಿನ ಡಿಎನ್‌ಎ ಹಾಳಾಗುತ್ತದೆ. ಮೊದಲೇ ರೆಕ್ಕೆಯ ಚೂರೊಂದನ್ನು ಕತ್ತರಿಸಿ ಆಲ್ಕೋಹಾಲಿನಲ್ಲಿ ಇಡಬೇಕಿತ್ತು. ಲ್ಯಾಬಿನಲ್ಲಿ ಇದು ಗೊತ್ತಾದಾಗ ಆ ಎರಡು ಜೀವಕ್ಕಾಗಿ ನಿಜಕ್ಕೂ ಸಂಕಟವಾಯಿತು. ಗೈಡ್ ಬೈಯಲಿಲ್ಲ. "ಒಂದೊಂದೇ ಮೀನು ನಂಬಿ ಹೊಸ ಜಾತಿ ಅನ್ನಬೇಡಿ. ಮರಿ ಬೇರೆ ಥರ ಕಾಣುತ್ತೆ, ಗಂಡು ಹೆಣ್ಣು ಬೇರೆ ಥರ ಕಾಣುತ್ತೆ. ಇನ್ನಷ್ಟು ತನ್ನಿ" ಎಂದರು.

ಆ ವಾರವೆಲ್ಲ ಹಳೆಯ ವಿವರಣೆಗಳನ್ನು ಓದುತ್ತ ಕೂತೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಬಿದನೂರು ನಗರ, ಇಕ್ಕೇರಿಯ ಮೇಲೇ ಹಾದುಹೋದವರು. 1822ರಲ್ಲಿ ಗಂಗೆಯ ಮೀನುಗಳನ್ನು ವಿವರಿಸುವಾಗ ಅಲ್ಲಿನ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಎಷ್ಟೋ ಮೀನಿಗೆ ಇಟ್ಟರು. 'ಬತಾಸಿಯೊ' ಹಾಗೆ ಬಂದ ಬಂಗಾಳದ ಹೆಸರು. 2004ರಲ್ಲಿ ಶರಾವತಿಯಲ್ಲಿ ಸಿಕ್ಕ ಹೊಸ ಮೀಸೆ ಮೀನು ಬತಾಸಿಯೊ ಶರಾವತಿಯೆನ್ಸಿಸ್ ಆಯಿತು: ಬಂಗಾಳದ ಬೆಸ್ತರ ಮಾತು, ನಮ್ಮ ಅಂಬುತೀರ್ಥದಲ್ಲಿ ಹುಟ್ಟುವ ಹೊಳೆ. ಮಾವನ ಮಾತನ್ನು ನಾನು ಬರೆದುಕೊಂಡೇ ಇರಲಿಲ್ಲ ಎಂದು ಆಗ ಹೊಳೆಯಿತು.

ಮತ್ತೆ ಹೋದೆವು. ಈ ಸಲ ಸೆಳವಿನಲ್ಲಿ ಐದು, ಗುಂಡಿ ಬದಿಯಲ್ಲಿ ನಾಲ್ಕು. ಗುಂಡಿಯವೆಲ್ಲ ಚಿಕ್ಕವು. ಸೆಳವಿನವುಗಳ ಮರಿಗಳೇ ಇರಬಹುದು. ಹಾಗಿದ್ದರೆ ಹಾಗೆಂದೇ ಬರೆಯುತ್ತೇನೆ. ಮರಿಗಳು ಎಲ್ಲಿ ಬೆಳೆಯುತ್ತವೆ ಎಂದು ತಿಳಿಯುವುದೂ ನನಗೆ ಸಣ್ಣದಲ್ಲ. ಮಾವ ಒಪ್ಪಲಿಲ್ಲ. "ಮರಿ ಅಲ್ಲ, ಜಾತಿನೇ ಬೇರೆ. ಐವತ್ತು ವರ್ಷ ಹಿಡ್ದೀನಿ ನಾನು."

ಒಂದೊಂದರ ರೆಕ್ಕೆಯಿಂದಲೂ ಅಕ್ಕಿಕಾಳಿನಷ್ಟು ಚೂರು ತೆಗೆದು ಬೇರೆ ಬೇರೆ ಸೀಸೆಗೆ ಹಾಕಿದೆ. ಎರಡೆರಡನ್ನು ಇಟ್ಟುಕೊಂಡು ಉಳಿದವನ್ನು ಹಿಡಿದಲ್ಲೇ ಬಿಟ್ಟೆವು. ಚೀಟಿ ಬರೆಯಲು ಪೆನ್ಸಿಲ್ಲೇ ಬೇಕು, ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ದಿನಾಂಕ, ಹಳ್ಳ, ನೀರಿನ ಆಳ ಬರೆದೆ. ಜಾತಿಯ ಜಾಗ ಖಾಲಿ ಬಿಟ್ಟೆ. ಊರಿನ ಹೆಸರು ಎಂಬಲ್ಲಿ ಮಾವನನ್ನು ಇನ್ನೊಮ್ಮೆ ಕೇಳಿ, ಅವರು ಹೇಳಿದ ಹಾಗೇ ಬರೆದೆ: ಸೆಳವಿಂದು.